ಕಡೆಯ ಮಾತು ಯಾರದು?

ಆಟದಲ್ಲಿ ರೆಫರಿಯ ಮಾತೇ ಕಡೆಯ ಮಾತೆಂದು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ಸೀಟಿ ಊದಿದ ಮೇಲೆ ವಾದವಿಲ್ಲ. ಆದರೆ ಆಟಗಾರನ ಅನ್ನದ ಪ್ರಶ್ನೆ ಬಂದಾಗ ಕಡೆಯ ಮಾತು ಯಾರದು? ಯೂರೋಪಿನಲ್ಲಿ ಇದಕ್ಕೆ ಉತ್ತರ ದೊರೆತ ಬಗೆಯನ್ನು ನಿಮ್ಮ ಮುಂದಿಡುತ್ತೇನೆ.

ಬೆಲ್ಜಿಯಮ್ಮಿನ ಫುಟ್‌ಬಾಲ್ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಲಿಯೇಜ್ ನಗರದ ಕ್ಲಬ್ಬಿನಲ್ಲಿದ್ದ. 1990ರಲ್ಲಿ ಆತನ ಕರಾರು ಮುಗಿಯಿತು. ಹೊಸ ಕರಾರಿಗೆ ಕ್ಲಬ್ಬು ಕೊಡಮಾಡಿದ ಸಂಬಳ ಹಳೆಯದರ ಕಾಲುಭಾಗ. ಆತ ಒಪ್ಪಲಿಲ್ಲ. ಫ್ರಾನ್ಸಿನ ಡಂಕರ್ಕ್ ಕ್ಲಬ್ಬು ಕರೆಯಿತು. ಆದರೆ ಅಂದಿನ ನಿಯಮದಂತೆ, ಕರಾರು ಮುಗಿದವನಿಗೂ ಹೊಸ ಕ್ಲಬ್ಬು ವರ್ಗಾವಣೆಯ ಹಣ ತೆರಬೇಕಿತ್ತು. ಆ ಹಣ ಕೈಸೇರೀತೆಂಬ ನಂಬಿಕೆ ಹಳೆಯ ಕ್ಲಬ್ಬಿಗೆ ಬರಲಿಲ್ಲ. ಬಿಡುಗಡೆಯ ಪತ್ರ ಹೊರಡಲಿಲ್ಲ. ಋಣ ತೀರಿದರೂ ಹಗ್ಗ ಬಿಚ್ಚಲಿಲ್ಲ.

ಬೋಸ್ಮನ್ ಹೂಡಿದ ಮೊಕದ್ದಮೆ ಲಕ್ಸೆಂಬರ್ಗಿನ ಯೂರೋಪಿಯನ್ ನ್ಯಾಯಾಲಯವನ್ನು ಮುಟ್ಟಿತು. ಯೂರೋಪಿನ ಒಕ್ಕೂಟದ ಕಾನೂನಿನ ವಿಷಯದಲ್ಲಿ ಅದರ ಮಾತು ಸದಸ್ಯ ರಾಷ್ಟ್ರಗಳೆಲ್ಲಕ್ಕೂ ಕಡೆಯದು. ಆ ಕಾನೂನಿನ ಮೂಲವಾದ 1957ರ ರೋಮ್ ಒಪ್ಪಂದದಲ್ಲಿ ಕ್ರೀಡೆಯ ಪ್ರಸ್ತಾಪವಿರಲಿಲ್ಲ. ದುಡಿಯುವವನು ಒಂದು ಸದಸ್ಯ ರಾಷ್ಟ್ರದಿಂದ ಇನ್ನೊಂದಕ್ಕೆ ಹೋಗಿ ದುಡಿಯಬಹುದೆಂಬ ಹಕ್ಕಿತ್ತು. ಆರ್ಥಿಕ ಚಟುವಟಿಕೆಯಾಗಿ ನಡೆಯುವ ಕ್ರೀಡೆ ಈ ಕಾನೂನಿಗೆ ಒಳಪಟ್ಟದ್ದೆಂದು ನ್ಯಾಯಾಲಯ 1974ರಲ್ಲೇ ಹೇಳಿತ್ತು. 1995ರ ಡಿಸೆಂಬರ್ 15ರಂದು ಬಂದ ತೀರ್ಪು ಅದನ್ನು ಕೊನೆಯವರೆಗೂ ಕೊಂಡೊಯ್ದಿತು. ಸಂಬಳಕ್ಕೆ ಆಡುವವನೂ ದುಡಿಯುವವನೇ. ಕರಾರು ಮುಗಿದವನು ಬೇರೊಂದು ಸದಸ್ಯ ರಾಷ್ಟ್ರದ ಕ್ಲಬ್ಬಿಗೆ ಹೋಗುವಾಗ ಹಣ ಕೇಳುವಂತಿಲ್ಲ. ಇತರ ಸದಸ್ಯ ರಾಷ್ಟ್ರಗಳ ಆಟಗಾರರನ್ನು ಕ್ಲಬ್ಬುಗಳು ಇಂತಿಷ್ಟೇ ಮಂದಿ ಆಡಿಸಬೇಕೆಂಬ ಮಿತಿಯೂ ಸಲ್ಲದು.

ನನ್ನ ವಿವೇಕ ಈ ತೀರ್ಪನ್ನು ಒಪ್ಪುತ್ತದೆ. ಆದರೂ ಫಲವನ್ನು ನೋಡಿದಾಗ ಮನಸ್ಸು ತುಸು ಅಳುಕುತ್ತದೆ. ಆಮ್‌ಸ್ಟರ್‌ಡಮ್ಮಿನ ಅಯಾಕ್ಸ್ ಕ್ಲಬ್ಬು ಬಹುಮಟ್ಟಿಗೆ ತಾನೇ ತಿದ್ದಿ ಬೆಳೆಸಿದ ಹುಡುಗರೊಡನೆ 1995ರಲ್ಲಿ ಯೂರೋಪಿನ ಚಾಂಪಿಯನ್ ಆಗಿತ್ತು. ಕೆಲವೇ ವರ್ಷಗಳಲ್ಲಿ ಆ ತಂಡ ಚದುರಿತು. 1996ರಲ್ಲಿ ಡೇವಿಡ್ಸ್, 1997ರಲ್ಲಿ ಕ್ಲೈವರ್ಟ್ ವರ್ಗಾವಣೆಯ ಹಣವಿಲ್ಲದೆ ಇಟಲಿಯ ಮಿಲಾನ್ ಕ್ಲಬ್ಬಿಗೆ ಹೋದರು. ಸಸಿಗೆ ನೀರೆರೆದವರು ಒಬ್ಬರು, ಹಣ್ಣುಂಡವರು ಇನ್ನೊಬ್ಬರು. ಬೋಸ್ಮನ್ನನಿಗಾದರೋ ಗೆಲುವು ಕೈಗೆ ಬರುವ ಹೊತ್ತಿಗೆ ಆಡುವ ವಯಸ್ಸಿನ ಬಹುಭಾಗ ಕಳೆದುಹೋಗಿತ್ತು.

ಹಾಗೆಂದು ಹಗ್ಗವೇ ಇರಬೇಕಾಗಿತ್ತು ಎನ್ನಲಾರೆ. ಬಡ ಕ್ಲಬ್ಬನ್ನು ಉಳಿಸುವ ಭಾರವನ್ನು ಆಟಗಾರನೊಬ್ಬನ ಕೊರಳಿಗೆ ಕಟ್ಟುವುದು ನ್ಯಾಯವಲ್ಲ. ಅದು ಕ್ರೀಡೆಯನ್ನು ಆಳುವವರು ಹೊರಬೇಕಾದ ಭಾರ. ಅವರ ಅಧಿಕಾರಕ್ಕೂ ಎಲ್ಲೆಯುಂಟು. ಹೊಸ ಪಂದ್ಯಾವಳಿಗಳಿಗೆ ಅನುಮತಿ ಕೊಡುವ ಅಧಿಕಾರವನ್ನು ಫೀಫಾ, ಯುಎಫಾಗಳು ಪಾರದರ್ಶಕ ನಿಯಮಗಳಿಲ್ಲದೆ ಚಲಾಯಿಸಲಾಗದೆಂದು ಅದೇ ನ್ಯಾಯಾಲಯ 2023ರ ಡಿಸೆಂಬರ್ 21ರಂದು ತೀರ್ಪಿತ್ತಿತು.

ಅಂಗಳದಲ್ಲಿ ರೆಫರಿಯ ಸೀಟಿಗೆ ಇಂದಿಗೂ ಎದುರು ಮಾತಿಲ್ಲ. ಅದು ಹಾಗೆಯೇ ಇರಲಿ. ಆದರೆ ಆಟ ಮುಗಿಸಿ ಮನೆಗೆ ಹೊರಟವನು ಎಲ್ಲರಂತೆ ಒಬ್ಬ ಪ್ರಜೆ. ಅವನ ದುಡಿಮೆಯ ವಿಷಯದಲ್ಲಿ ಕಡೆಯ ಮಾತು ಕಾನೂನಿನದೇ ಆಗಬೇಕು.