ಗಾಳಿಯ ಸಮ್ಮತಿ ಪತ್ರ



ಊರ ಪಕ್ಕ ದ್ರವಗೊಬ್ಬರ ಬೆರೆಸುವ ಕಾರ್ಖಾನೆ ಬರುತ್ತದೆ ಅಂದುಕೊಳ್ಳೋಣ. "ನೀರಿಗೆ ಗೊಬ್ಬರ ಕಲಸೋದು, ಅದರಲ್ಲೇನು ಹೊಗೆ?" ಅಂತಾರೆ. ಹೊಗೆ ಕಾಣದು, ನಿಜ. ಆದರೆ ಪುಡಿ ಸುರಿಯುವಾಗ ದೂಳು ಏಳುತ್ತದೆ. ಅಮೋನಿಯಾ ಬಳಸಿದರೆ ಘಾಟು ಬರುತ್ತದೆ. ಕೊಟ್ಟಿಗೆಯಲ್ಲಿ ಹಳೇ ಗಂಜಲ ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯಾ. ಅಲ್ಲಿ ಚೂರು, ಇಲ್ಲಿ ಟ್ಯಾಂಕುಗಟ್ಟಲೆ. ಕಣ್ಣು ಉರಿಯುತ್ತೆ, ಕೆಮ್ಮು ಬರುತ್ತೆ.

ಅದಕ್ಕೇ 1981ರ ವಾಯು ಕಾಯ್ದೆ ಇದೆ. ಕಟ್ಟುವ ಮೊದಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಕಟ್ಟಿದ ಮೇಲೆ, ನಡೆಸಲು ಇನ್ನೊಂದು ಸಮ್ಮತಿ. ಪಂಚಾಯಿತಿ ಲೈಸೆನ್ಸ್ ಬೇರೆ, ಇದು ಬೇರೆ. ಏನು ಬೆರೆಸುತ್ತೇವೆ, ಎಷ್ಟು, ಘಾಟು ತಡೆಯೋದು ಹೇಗೆ ಎಂದು ಮಾಲೀಕರು ಅರ್ಜಿಯಲ್ಲಿ ಬರೆಯಬೇಕು. ಅಮೋನಿಯಾ ನೀರಲ್ಲಿ ಕರಗುತ್ತೆ. ಆ ಗಾಳಿಯನ್ನು ನೀರಿನ ತುಂತುರಿನಲ್ಲಿ ತೊಳೆದು ಹೊರಗೆ ಬಿಡಬಹುದು. ಆ ಯಂತ್ರಕ್ಕೆ ಸ್ಕ್ರಬ್ಬರ್ ಅಂತಾರೆ.

ಸಮ್ಮತಿ ಪತ್ರದಲ್ಲಿ ಷರತ್ತುಗಳು ಇರುತ್ತವೆ. ನಾವು ಓದಬೇಕಾದದ್ದು ಅವನ್ನೇ. ಗೋಡೆಗೆ ಹಾಕಿದ ಚೌಕಟ್ಟು ನೋಡಿ ಸುಮ್ಮನೆ ಬಂದರೆ ಆಗದು. ಪತ್ರ ತೋರಿಸಲಿಲ್ಲವೇ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಂಡಳಿಯ ಕಚೇರಿಗೆ ಅರ್ಜಿ ಕೊಡೋಣ. 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡಿದ್ದರೆ ಅರ್ಜಿ ಶುಲ್ಕವಿಲ್ಲ. ಅರ್ಜಿಯ ನಕಲಿಗೆ ಮೊಹರು ಹಾಕಿಸಿಕೊಂಡು ನಮ್ಮ ಹತ್ತಿರವೇ ಇಟ್ಟುಕೊಳ್ಳೋಣ.