ಹೋದ ಹಲ್ಲಿನ ಜಾಗಕ್ಕೆ ಹೊಸ ಹಲ್ಲು



ನಮ್ಮ ಅತ್ತೆಗೆ ಮೂರು ದವಡೆ ಹಲ್ಲು ಹೋದವು. ರೊಟ್ಟಿ ಅಗಿಯೋಕೆ ಆಗ್ತಿರಲಿಲ್ಲ. ಸಂತೆಯಲ್ಲಿ ಒಬ್ಬ, "ಅರ್ಧ ಗಂಟೆಯಲ್ಲಿ ಹಲ್ಲು ಕೂರಿಸ್ತೀನಿ" ಅಂದ. ಪಕ್ಕದ ಹಲ್ಲಿಗೆ ಅಂಟಿಸಿಬಿಟ್ಟ. ಒಂದು ತಿಂಗಳಲ್ಲಿ ವಸಡು ಬಾತು ಕೀವು ಬಂತು. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಅವರು ಹೇಳಿದ್ದನ್ನು ನಿಮಗೂ ಹೇಳ್ತೇನೆ.

ಇಂಪ್ಲಾಂಟ್ ಅಂದರೆ ದವಡೆ ಮೂಳೆಯಲ್ಲಿ ಕೂರಿಸುವ ಸಣ್ಣ ತಿರುಪು. ಅದು ಹೆಚ್ಚಾಗಿ ಟೈಟಾನಿಯಂ ಎಂಬ ಲೋಹದ್ದು. ನೆಟ್ಟ ಸಸಿ ಬೇರು ಬಿಡಲು ದಿನ ಬೇಕು ಅಲ್ಲವೇ? ಹಾಗೆಯೇ ಮೂಳೆ ಈ ತಿರುಪನ್ನು ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಆಮೇಲೆ ಅದರ ಮೇಲೆ ಹಲ್ಲು ಕೂರಿಸ್ತಾರೆ.

ಮೊದಲು ಎಕ್ಸ್‌ರೇ ತೆಗೆದು ಮೂಳೆ ನೋಡ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ನುಂಗುವ ಮಾತ್ರೆಗಳನ್ನೆಲ್ಲ ತೋರಿಸಿ. ಸಕ್ಕರೆ ಹತೋಟಿಯಲ್ಲಿರಬೇಕು. ಹೊಗೆಸೊಪ್ಪು, ಕಡ್ಡಿಪುಡಿ ಬಿಡಬೇಕು. ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ತಿರುಪು ಸಡಿಲವಾಗಬಹುದು.

ಇದಕ್ಕೆ ಖರ್ಚು ಜಾಸ್ತಿ. ಸಾಲ ಮಾಡುವ ಮುಂಚೆ ಯೋಚಿಸಿ. ತೆಗೆದು ಹಾಕುವ ಹಲ್ಲಿನ ಸೆಟ್ಟೂ ಇದೆ. ಅದು ಅಗ್ಗ. ಒಟ್ಟು ಎಷ್ಟು, ಎಷ್ಟು ಸಲ ಬರಬೇಕು ಅಂತ ಕೇಳಿ ಬರೆಸಿಕೊಳ್ಳಿ. ಈಗ ನಮಗೆ ಓದೋಕೆ ಬರುತ್ತೆ. ಓದಿ, ಆಮೇಲೆ ಸಹಿ ಹಾಕಿ.

ಹೊಸ ಹಲ್ಲು ಹುಳುಕಾಗುವುದಿಲ್ಲ, ನಿಜ. ಆದರೆ ಕೊಳಕು ನಿಂತರೆ ಸುತ್ತಲ ವಸಡು, ಮೂಳೆ ಕೆಡುತ್ತವೆ. ದಿನಕ್ಕೆ ಎರಡು ಸಲ ಉಜ್ಜಬೇಕು.

ನಮ್ಮ ಅತ್ತೆ ಸೆಟ್ಟನ್ನೇ ಹಾಕಿಸಿಕೊಂಡರು. ಈಗ ರೊಟ್ಟಿ ತಿಂತಾರೆ, ನಗ್ತಾರೆ. ನಿಮಗೆ ಯಾವುದು ಸರಿ? ಕೇಳಿ ತಿಳಿದು ನೀವೇ ತೀರ್ಮಾನ ಮಾಡಿ.