ದೋಣಿಗೊಂದು ಗಾಡಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ನೆನಪು ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ನನಗೆ ಮೊದಲು ನೆನಪಾಗುವುದು ತರಗತಿಯ ಕೋಣೆಯಲ್ಲ, ಒಂದು ಮರದ ಗಾಡಿ. ಎತ್ತು ಕಟ್ಟುವ ಗಾಡಿಯಲ್ಲ. ದೋಣಿಯನ್ನು ನೀರಿಗೆ ಇಳಿಸುವ ಗಾಡಿ.

ಹಿರಿಯರಿಗೆ ಗೊತ್ತಿರುವುದನ್ನೇ ಮಕ್ಕಳಿಗಾಗಿ ಹೇಳುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಹಿಂದಕ್ಕೆ ನಿಂತಾಗ ನಮ್ಮ ಕಡೆಯ ಗದ್ದೆ, ತೋಟ, ದಾರಿ ಮುಳುಗಿದವು. ನಮ್ಮ ಮನೆ ಗುಡ್ಡದ ಮೇಲೆ ಉಳಿಯಿತು. ಮುಂದೆ ಶಾಲೆ ಆದದ್ದು ಆಚೆ ದಡದಲ್ಲಿ. ಅಣೆಕಟ್ಟಿನ ಗರಿಷ್ಠ ಮಟ್ಟ 1819 ಅಡಿ. ಒಳ್ಳೆಯ ಮಳೆಗಾಲ ಕಳೆದರೆ ನೀರು ನಮ್ಮ ಅಂಗಳದ ಕೆಳಗೇ ಇರುತ್ತಿತ್ತು. ಮಾರ್ಚ್ ಹೊತ್ತಿಗೆ ಅದೇ ನೀರು ಒಂದು ಫರ್ಲಾಂಗ್ ಕೆಳಗೆ ಸರಿದು, ನಡುವೆ ಇಳಿಜಾರು ಕೆಸರು ಉಳಿಯುತ್ತಿತ್ತು.

ದೋಣಿಯನ್ನು ನೀರಿನಂಚಿನಲ್ಲೇ ಕಟ್ಟಿ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಕಟ್ಟಿದ ನಮ್ಮ ಹಳೆಯ ದೋಣಿ ಒಂದು ರಾತ್ರಿಯ ಗಾಳಿಗೆ ಮುಳುಗಡೆಯ ಒಣಮರದ ಬೊಡ್ಡೆಗೆ ಬಡಿದು ಒಡೆದಿತ್ತು. ಅಂದಿನಿಂದ ಅಪ್ಪಯ್ಯ ಹೊಸ ದೋಣಿಯನ್ನು ರಾತ್ರಿ ಮನೆಯ ಹತ್ತಿರದ ಮಾಡಿನಡಿಯೇ ಇಡಿಸುತ್ತಿದ್ದರು. ಅದು ಸುಮಾರು ನೂರೈವತ್ತು ಕೆ.ಜಿ. ತೂಕದ್ದು. ಇಳಿಸಲು ನಾಲ್ಕು ಗಂಡಾಳು ಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಆಳು ಎಲ್ಲಿಂದ ಬರಬೇಕು? ದೋಣಿ ಇಳಿಯದ ದಿನ ನಮಗೆ ಶಾಲೆಯಿಲ್ಲ.

ನಮಗೆ ಅದು ರಜೆ. ನನ್ನ ಅಕ್ಕನಿಗೆ ಹಾಗಾಗಲಿಲ್ಲ. ಎಂಟನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಎರಡು ದಿನ ದೋಣಿ ಕೆಸರಿನಲ್ಲೇ ಕೂತಿತು. ಅಕ್ಕ ಸಮವಸ್ತ್ರ ಹಾಕಿಕೊಂಡು, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಮನೆಗೆ ಹಿಂದಿರುಗಿದಳು. ಆ ವರ್ಷ ಫೇಲಾದಳು. ಮತ್ತೆ ಶಾಲೆಗೆ ಹೋಗಲಿಲ್ಲ.

ಮರುವರ್ಷ ನಮ್ಮ ವಿಜ್ಞಾನ ಮೇಷ್ಟ್ರು ಹಾಜರಿ ಪುಸ್ತಕ ಹಿಡಿದುಕೊಂಡು ಮನೆಗೇ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆವು. ಅವರು ದೋಣಿ ನೋಡಿದರು, ಇಳಿಜಾರು ನೋಡಿದರು, "ಇದಕ್ಕೊಂದು ಗಾಡಿ ಮಾಡಿಸಿ" ಎಂದರು. ಅಪ್ಪಯ್ಯ ಊರಿನ ಆಚಾರ್ರನ್ನು ಕರೆಸಿದರು.

ಆಚಾರ್ರು ಎತ್ತಿನಗಾಡಿ ಮಾಡಿ ಪಳಗಿದವರು. ಆದರೆ ಕಬ್ಬಿಣದ ಹಳಿ ಹಾಕಿದ ತೆಳು ಗಾಲಿ ಕೆಸರಿನಲ್ಲಿ ಹೂತುಹೋಗುತ್ತದೆ ಎಂದು ಅವರೇ ಹೇಳಿದರು. ಹಲಸಿನ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಎರಡು ಅಡಿ ಎತ್ತರದ, ನಾಲ್ಕು ಅಂಗುಲ ಅಗಲದ ಗಾಲಿ ಕಡಿದರು. ಎಳೆ ಅಡ್ಡಡ್ಡ ಇದ್ದರೆ ಗಾಲಿ ಸೀಳುವುದಿಲ್ಲ. ಅಚ್ಚು ಮತ್ತಿ ಮರದ್ದು. ದೋಣಿ ಕೂರುವಲ್ಲಿ ಗೋಣಿ ಸುತ್ತಿದ ಎರಡು ಅಡ್ಡಪಟ್ಟಿ. ಅಚ್ಚಿಗೆ ಕೀಲೆಣ್ಣೆ.

ಮೊದಲ ದಿನ ಗಾಡಿಯ ಮೂಕಿ ಎತ್ತಲು ಇಬ್ಬರು ಗಂಡಸರೇ ಬೇಕಾಯಿತು. ಮೇಷ್ಟ್ರು ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದರು. ಸನ್ನೆಯ ಪಾಠ. ನಾವು ಕೈ ಹಿಡಿಯುವ ಜಾಗ ಅಚ್ಚಿನಿಂದ ಆರು ಅಡಿ ಮುಂದೆ. ದೋಣಿಯ ಭಾರದ ನಡು ಅಚ್ಚಿನಿಂದ ಎರಡು ಅಡಿ ಮುಂದಿದ್ದರೆ ಕೈಗೆ ಐವತ್ತು ಕೆ.ಜಿ. ಬೀಳುತ್ತದೆ. ಅರ್ಧ ಅಡಿ ಮುಂದಿದ್ದರೆ ಹನ್ನೆರಡೂವರೆ ಅಷ್ಟೆ.

"ಹಾಗಾದರೆ ಅಚ್ಚನ್ನೇ ಒಂದೂವರೆ ಅಡಿ ಮುಂದಕ್ಕೆ ತರ್ತೇನೆ ಮೇಷ್ಟ್ರೇ" ಎಂದರು ಆಚಾರ್ರು. "ಪೂರ್ತಿ ನಡುವಿಗೇ ತಂದರೆ ಏರಿನಲ್ಲಿ ಮೂಕಿ ಮೇಲೆ ಹಾರ್ತದೆ. ಸ್ವಲ್ಪ ಭಾರ ಕೈಯಲ್ಲಿ ಇರ್ಲಿ." ಅದು ಯಾವ ಪುಸ್ತಕದಲ್ಲಿ ಇತ್ತೋ ಇಲ್ಲವೋ, ಮೇಷ್ಟ್ರು ತಲೆದೂಗಿ ಒಪ್ಪಿದರು.

ಇಷ್ಟಾದ ಮೇಲೂ ಒಂದು ಫಜೀತಿ ಆಯಿತು. ನೀರಿಗೆ ಇಳಿಸಿದಾಗ ದೋಣಿ ತೇಲಿತು, ಅದರ ಜೊತೆಗೆ ಗಾಡಿಯೂ ತೇಲಿ ದೋಣಿಯ ಹೊಟ್ಟೆಗೆ ಅಂಟಿಕೊಂಡಿತು! ಮರ ತೇಲುತ್ತದೆ ಎಂಬುದನ್ನು ಮೇಷ್ಟ್ರೂ ಮರೆತಿದ್ದರು, ಆಚಾರ್ರೂ ಮರೆತಿದ್ದರು. ಅಕ್ಕ ದಡದಲ್ಲಿ ನಿಂತು ನಕ್ಕಳು. "ಕಲ್ಲು ಕಟ್ಟಿ" ಎಂದಳು. ಅಚ್ಚಿನ ಎರಡೂ ಬದಿಗೆ ಚಪ್ಪಡಿ ಕಲ್ಲು ಕಟ್ಟಿದೆವು. ಗಾಡಿ ಕೆಳಗೆ ಕೂತಿತು, ದೋಣಿ ಹಗುರಾಗಿ ಆಚೆ ಜಾರಿತು.

ಇಳಿಜಾರಿನಲ್ಲಿ ಗಾಡಿ ಓಡಿಹೋಗದಂತೆ ಹಿಂದೆ ಹಗ್ಗ ಕಟ್ಟಿ, ಮರದ ಬೊಡ್ಡೆಗೆ ಎರಡು ಸುತ್ತು ಹಾಕಿ, ಮೆಲ್ಲಗೆ ಬಿಡಬೇಕು. ಆ ಹಗ್ಗ ಹಿಡಿಯುತ್ತಿದ್ದವಳು ಅಕ್ಕ. ಮುಂದೆ ಮೂಕಿ ಹಿಡಿಯಲು ನಾನು ಮತ್ತು ಪಕ್ಕದ ಮನೆಯ ಹುಡುಗಿ. ಗಂಡಾಳಿಗೆ ಕಾಯುವುದು ತಪ್ಪಿತು. ನಾವಿಬ್ಬರೂ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಒಂದು ದಿನವನ್ನೂ ತಪ್ಪಿಸಲಿಲ್ಲ. ನಮ್ಮನ್ನು ಕಳಿಸಿ, ಗಾಡಿಯನ್ನು ಮೇಲೆಳೆದುಕೊಂಡು, ಅಕ್ಕ ಕೊಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಗಾಡಿ ಅವಳಿಗೆ ಒಂದು ವರ್ಷ ತಡವಾಗಿ ಬಂತು. ಈ ಮಾತನ್ನು ನಾನು ಇವತ್ತಿನವರೆಗೆ ಎಲ್ಲಿಯೂ ಹೇಳಿರಲಿಲ್ಲ. ಅವಳು ಈಗ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಹಿನ್ನೀರು ದಾಟಲು ಲಾಂಚಿಗೆ ಕಾಯುತ್ತಿದ್ದ ಎಷ್ಟೋ ಜನ ಈಗ ಬಸ್ಸಿನಲ್ಲಿ ಕೂತು ಬರುತ್ತಾರೆ. ಬಹಳ ಸಂತೋಷ. ಆದರೆ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ ಇದೆ. ಸುವರ್ಣ ಮಹೋತ್ಸವದ ಹಣದಲ್ಲಿ ರಂಗಮಂದಿರ ಕಟ್ಟುತ್ತೀರಿ, ಕಟ್ಟಿ. ಅದರ ಪಕ್ಕದಲ್ಲಿ ಒಂದು ಮಾಡು ಇಳಿಸಿ, ಗರಗಸ, ಉಳಿ, ಕೀಸುಳಿ, ಒಂದು ಗಟ್ಟಿ ಮೇಜು ಇಡಿ. ವಾರಕ್ಕೊಮ್ಮೆ ಊರಿನ ಆಚಾರ್ರನ್ನು ಕರೆಸಿ, ವಿಜ್ಞಾನ ಮೇಷ್ಟ್ರ ಪಕ್ಕದಲ್ಲಿ ನಿಲ್ಲಿಸಿ. ಮರಮುಟ್ಟಿನ ಖರ್ಚು ನನ್ನದು.

ಮೇಷ್ಟ್ರಿಗೆ ಸನ್ನೆ ಗೊತ್ತಿತ್ತು, ಆಚಾರ್ರಿಗೆ ಮರ ಗೊತ್ತಿತ್ತು, ಎಂಟನೇ ತರಗತಿಗೆ ಶಾಲೆ ಬಿಟ್ಟ ಹುಡುಗಿಗೆ ಕಲ್ಲು ಕಟ್ಟಬೇಕೆಂದು ಗೊತ್ತಿತ್ತು. ಮೂರೂ ಒಂದು ಕಡೆ ಸೇರಿದ್ದರಿಂದ ನಾನು ಇಲ್ಲಿ ನಿಂತು ಮಾತಾಡುತ್ತಿದ್ದೇನೆ.